ಕೊಳೆ ರೋಗದ ಪುಟಕ್ಕೆ ಓದುಗರು ಮರಳಿದ ಬಗೆ

2024ರ ಏಪ್ರಿಲ್ ಕೊನೆಯಲ್ಲಿ ಸರ್ಚ್ ಕನ್ಸೋಲ್ (ಹುಡುಕಾಟದಿಂದ ತಾಣಕ್ಕೆ ಎಷ್ಟು ಜನ ಬಂದರೆಂದು ತೋರಿಸುವ ಗೂಗಲ್ ಸಾಧನ) ತೆರೆದಾಗ ಎದೆ ಧಸಕ್ಕೆಂದಿತು. ಅಡಿಕೆ ಬೆಳೆಗಾರರಿಗಾಗಿ ಕನ್ನಡದಲ್ಲಿ ನಡೆಸುವ ತಾಣ ನನ್ನದು. ಹುಡುಕಾಟದಿಂದ ಬರುವ ಓದುಗರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಆ ವರ್ಷ ಮಾರ್ಚ್ 5ರಂದು ಗೂಗಲ್ ಆರಂಭಿಸಿದ, ಫಲಿತಾಂಶಗಳ ಕ್ರಮವನ್ನೇ ಬದಲಿಸುವ ಕೋರ್ ಅಪ್‌ಡೇಟ್ 45 ದಿನ ನಡೆದು ಏಪ್ರಿಲ್ 19ಕ್ಕೆ ಮುಗಿದಿತ್ತು. ಬರಹ ಓದುಗನಿಗಾಗಿ ಇದೆಯೋ, ಬರೀ ಹುಡುಕಾಟದಲ್ಲಿ ಮೇಲೆ ಬರಲೆಂದು ಇದೆಯೋ ಎಂದು ಅಳೆಯಲು 2022ರಿಂದ ಪ್ರತ್ಯೇಕವಾಗಿದ್ದ ವ್ಯವಸ್ಥೆಯನ್ನು ಅದರಲ್ಲಿ ಮೂಲ ಶ್ರೇಯಾಂಕದೊಳಗೇ ಸೇರಿಸಲಾಯಿತು.

ಆ ರಾತ್ರಿಯೇ ಎಲ್ಲ ಶೀರ್ಷಿಕೆಗಳನ್ನೂ ಬದಲಿಸಲು ಕುಳಿತವನು ಹತ್ತು ಪುಟ ಮುಗಿಸುವಷ್ಟರಲ್ಲಿ ಕೈಬಿಟ್ಟೆ. ತೋಟದಲ್ಲಿ ಹೀಗೆ ಮಾಡುವುದಿಲ್ಲವಲ್ಲ ಎನಿಸಿತು. ಹಳದಿ ಎಲೆ ರೋಗ ಬಂದ ಮರಕ್ಕೆ ಎಷ್ಟು ಬೋರ್ಡೋ ದ್ರಾವಣ ಹೊಡೆದರೂ ಪ್ರಯೋಜನವಿಲ್ಲ. ಅದು ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಮದ್ದು. ಮೊದಲು ರೋಗ ಯಾವುದೆಂದು ತಿಳಿಯಬೇಕಿತ್ತು.

ಕಾಲವನ್ನು ಲೆಕ್ಕಕ್ಕೆ ಹಿಡಿಯದೆ ಅಲ್ಲಿಯೂ ಒಮ್ಮೆ ಎಡವಿದೆ. ಕೊಳೆ ರೋಗವನ್ನು ಜನ ಹುಡುಕುವುದು ಮಳೆಗಾಲದಲ್ಲಿ. ಏಪ್ರಿಲ್ಲಿನ ಅಂಕಿಯನ್ನು ಹಿಂದಿನ ಆಗಸ್ಟಿನ ಜೊತೆ ಇಟ್ಟು ನೋಡಿದರೆ ಯಾವ ಅಪ್‌ಡೇಟ್ ಇಲ್ಲದಿದ್ದರೂ ಕುಸಿತವೇ ಕಾಣುತ್ತದೆ. ಹಿಂದಿನ ವರ್ಷದ ಅದೇ ವಾರಗಳ ಜೊತೆ ಹೋಲಿಸಿದ ಮೇಲೆ ಕುಸಿತದ ನಿಜವಾದ ಅಳತೆ ಸಿಕ್ಕಿತು. ಸರ್ಚ್ ಕನ್ಸೋಲ್ ಹದಿನಾರು ತಿಂಗಳ ಮಾಹಿತಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಅಂದಿನಿಂದ ಪ್ರತಿ ತಿಂಗಳ ಮೊದಲ ದಿನ ಇಳಿಸಿಕೊಂಡು ನನ್ನ ಬಳಿಯೇ ಜೋಪಾನ ಮಾಡುತ್ತಿದ್ದೇನೆ.

ಪುಟ ಪುಟವಾಗಿ ನೋಡಿದಾಗ ರೋಗ ಒಂದಲ್ಲ, ಎರಡು ಎಂದು ತಿಳಿಯಿತು. ಕೆಲವು ಪುಟಗಳ ಸ್ಥಾನವೇ ಕುಸಿದಿತ್ತು: ಮೂರನೆಯದಾಗಿದ್ದದ್ದು ಮೂವತ್ತಕ್ಕೆ. ಇನ್ನು ಕೆಲವು ಪುಟಗಳ ಸ್ಥಾನ ಮೊದಲಿನಷ್ಟೇ, ಜನರ ಕಣ್ಣಿಗೆ ಬೀಳುವುದೂ ಮೊದಲಿನಷ್ಟೇ, ಕ್ಲಿಕ್ ಮಾತ್ರ ಇಲ್ಲ.

ಮೊದಲ ಗುಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನದ ಧಾರಣೆಯ ಪಟ್ಟಿ, ಸರ್ಕಾರಿ ಯೋಜನೆಗಳ ಪ್ರಕಟಣೆಯನ್ನು ಬೇರೆ ಮಾತಿನಲ್ಲಿ ಬರೆದದ್ದು, ಹಬ್ಬದ ಶುಭಾಶಯ. ಎಲ್ಲವೂ ಬೇರೆಡೆ ಇದ್ದವು, ನನ್ನದೆಂಬುದು ಅವುಗಳಲ್ಲಿ ಏನೂ ಇರಲಿಲ್ಲ. ಬಹುಪಾಲನ್ನು ತೆಗೆದುಹಾಕಿದೆ. ತೆಗೆಯುವಾಗಲೂ ಒಂದು ತಪ್ಪು ಮಾಡಿದೆ: ಗೂಗಲ್ ಪಟ್ಟಿಯಿಂದ ಕೈಬಿಡಿ ಎನ್ನುವ ನೋಇಂಡೆಕ್ಸ್ ಸೂಚನೆಯನ್ನು ಪುಟಗಳಿಗೆ ಹಾಕಿ, ಜೊತೆಗೆ ಗೂಗಲ್ ಯಂತ್ರ ಎಲ್ಲಿಗೆ ಬರಬಾರದೆಂದು ಹೇಳುವ ರೋಬಾಟ್ಸ್ ಕಡತದಲ್ಲಿ ಅದೇ ಪುಟಗಳಿಗೆ ಬೇಲಿಯನ್ನೂ ಕಟ್ಟಿದೆ. ಬೇಲಿ ಇದ್ದಮೇಲೆ ಯಂತ್ರ ಒಳಗೆ ಬಂದು ಸೂಚನೆಯನ್ನು ಓದುವುದಾದರೂ ಹೇಗೆ? ಪುಟಗಳು ವಾರಗಟ್ಟಲೆ ಪಟ್ಟಿಯಲ್ಲೇ ಉಳಿದವು. ಬೇಲಿ ತೆಗೆದ ಮೇಲೆಯೇ ಹೋದವು.

ನನ್ನ ನಿಜವಾದ ಶ್ರಮ ಹೋದದ್ದು ಎರಡನೆಯ ಗುಂಪಿಗೆ. ಅದರಲ್ಲಿ ಮುಖ್ಯವಾದದ್ದು ಬೋರ್ಡೋ ದ್ರಾವಣದ ಪುಟ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಶೇಕಡಾ 1ರ ದ್ರಾವಣಕ್ಕೆ ಅಳತೆ ಇಷ್ಟೇ. ಹುಡುಕಿದವನಿಗೆ ಈ ಸಾಲು ಫಲಿತಾಂಶದ ನೆತ್ತಿಯ ಮೇಲೆಯೇ ಸಿಗುತ್ತಿತ್ತು. ಅದಕ್ಕಾಗಿ ನನ್ನ ಪುಟಕ್ಕೆ ಅವನು ಬರಬೇಕಾದ ಅಗತ್ಯ ಇರಲಿಲ್ಲ, ಅದರಲ್ಲಿ ಅನ್ಯಾಯವೂ ಇಲ್ಲ. ಅಳತೆ ಗೊತ್ತಾದ ಮೇಲೆ ಅವನಿಗೆ ಯಾವ ತೊಂದರೆ ಎದುರಾಗುತ್ತದೆ ಎಂದು ಕೇಳಿಕೊಂಡೆ.

ಉತ್ತರ ನಮ್ಮ ಅಂಗಳದಲ್ಲೇ ಇತ್ತು. ಜೂನ್ ಆರಂಭದಲ್ಲಿ ಮೊದಲ ಸಿಂಪಡಣೆಗೆ ದ್ರಾವಣ ಕಲಸುವಾಗ ಮೊಬೈಲ್ ಹಿಡಿದು ಪಕ್ಕದಲ್ಲಿ ನಿಂತೆ. ಎರಡು ಪ್ಲಾಸ್ಟಿಕ್ ಡ್ರಮ್‌ಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ತಿಳಿಗೆ ಸುರಿಯುತ್ತಾ ಕೋಲಿನಿಂದ ತಿರುವುತ್ತಿದ್ದರು. ದ್ರಾವಣ ತಿಳಿ ಆಕಾಶದ ಬಣ್ಣಕ್ಕೆ ತಿರುಗಿತು. ಆಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿದರು. ಎತ್ತಿದಾಗ ಅಲಗಿನ ಮೇಲೆ ಕೆಂಪು ಲೇಪ. ತಾಮ್ರ ಹೆಚ್ಚಾಗಿದೆ, ಸುಣ್ಣ ಸಾಲದು ಎಂದರ್ಥ. ಹಾಗೆಯೇ ಹೊಡೆದರೆ ಎಳೆಯ ಕಾಯಿ, ಎಲೆ ಸುಡುತ್ತವೆ. ಇನ್ನಷ್ಟು ಸುಣ್ಣದ ತಿಳಿ ಬೆರೆಸಿ ಮತ್ತೆ ಅದ್ದಿದಾಗ ಅಲಗು ಬೆಳ್ಳಗೇ ಉಳಿಯಿತು.

ಎರಡೂ ಅಲಗುಗಳ ಚಿತ್ರ ಪುಟಕ್ಕೆ ಹೋಯಿತು. ಹಳೆಯ ಸುಣ್ಣ ಸತ್ವ ಕಳೆದುಕೊಂಡಿದ್ದರೆ ಲೆಕ್ಕ ಏಕೆ ತಪ್ಪುತ್ತದೆ, ಕಲಸಿದ ದ್ರಾವಣವನ್ನು ಅಂದೇ ಏಕೆ ಮುಗಿಸಬೇಕು, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯ ಸಿಂಪಡಣೆ ಏಕೆ ಎಂಬುದನ್ನೆಲ್ಲ ಬರೆದೆ. ನಾವು ಕೊಳೆ ಎನ್ನುವುದನ್ನು ಕರಾವಳಿಯ ಕಡೆ ಮಹಾಳಿ ಎನ್ನುತ್ತಾರೆ. ಆ ಪದ ನನ್ನ ಪುಟದಲ್ಲಿ ಇಷ್ಟು ವರ್ಷ ಒಮ್ಮೆಯೂ ಬಂದಿರಲಿಲ್ಲ! ಅದನ್ನೂ ಸೇರಿಸಿದೆ.

ಪದದ ಮಾತು ಬಂದದ್ದರಿಂದ ಹೇಳಲೇಬೇಕು. ಕನ್ನಡದಲ್ಲಿ ಹುಡುಕಿದರೂ ಗೂಗಲ್ ಕೆಲವೊಮ್ಮೆ ಇಂಗ್ಲಿಷ್ ಪುಟವನ್ನೇ ಯಂತ್ರಾನುವಾದ ಮಾಡಿ ಫಲಿತಾಂಶದಲ್ಲಿ ಕೊಡುತ್ತದೆ. ಅಂದರೆ ಕನ್ನಡದಲ್ಲಿ ಬರೆಯುವವರು ಕಡಿಮೆ ಎಂಬ ಒಂದೇ ಕಾರಣಕ್ಕೆ ಮೇಲೆ ನಿಲ್ಲುತ್ತಿದ್ದ ಕಾಲ ಹೋಯಿತು. ಆದರೆ ಮೈಲುತುತ್ತು, ಮಹಾಳಿ, ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಇಳಿಸುವವನು) ಎಂದು ಬರೆಯಲು ತೋಟದ ನಡುವೆ ಬದುಕಿರಬೇಕು. ಇದೇ ಕಾರಣಕ್ಕೆ ಹಳೆಯ ನುಡಿ ಫಾಂಟಿನಲ್ಲಿದ್ದ ನಮ್ಮ ಲೇಖನಗಳನ್ನೂ ಯೂನಿಕೋಡಿಗೆ ತಂದೆ. ಆ ಫಾಂಟಿನ ಬರಹ ಹುಡುಕಾಟದ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ; ಎಷ್ಟು ಒಳ್ಳೆಯ ಬರಹವಾದರೂ ಯಾರಿಗೂ ಸಿಗುವುದಿಲ್ಲ.

ಫಲ ಬೇಗ ಬರಲಿಲ್ಲ. ಆ ಮಳೆಗಾಲ ಹಾಗೆಯೇ ಕಳೆಯಿತು. ಮರುವರ್ಷ ಮೇ ಕೊನೆಗೆ ಬೋರ್ಡೋ ಪುಟದ ಕ್ಲಿಕ್‌ಗಳು ಏರತೊಡಗಿದವು. ಏರಿಕೆಯ ಬಹುಪಾಲು ‘ಮಹಾಳಿ’ಯಿಂದ, ‘ಕತ್ತಿ ಕೆಂಪಾದರೆ’ ಎಂಬಂಥ ಉದ್ದುದ್ದ ಪ್ರಶ್ನೆಗಳಿಂದ, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ ಕನ್ನಡದಿಂದ ಬಂದದ್ದು. ಒಟ್ಟು ಓದುಗರು ಹಳೆಯ ಮಟ್ಟಕ್ಕೆ ಇನ್ನೂ ಮುಟ್ಟಿಲ್ಲ. ತೆಗೆದುಹಾಕಿದ ಧಾರಣೆಯ ಪುಟಗಳ ಓದುಗರು ಮರಳುವವರೂ ಅಲ್ಲ.

ಈಗ ಎಲೆಚುಕ್ಕೆ ರೋಗದ ಪುಟವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಚುಕ್ಕೆ ಕಾಣಿಸಿಕೊಂಡ ಒಂದೇ ಸೋಗೆಯ ಚಿತ್ರವನ್ನು ವಾರಕ್ಕೊಮ್ಮೆ ತೆಗೆಯುತ್ತಾ ಬಂದಿದ್ದೇನೆ. ಇನ್ನು ಎರಡು ವಾರದ ಚಿತ್ರಗಳು ಬಾಕಿ ಇವೆ.