ಕಾಗದದ ವಿಮಾನದ ಮೂತಿಗೊಂದು ಕ್ಲಿಪ್

ಮಕ್ಕಳಿಗೆ ಹಾರಾಟದ ವಿಜ್ಞಾನ ತಿಳಿಸಲು ದುಬಾರಿ ಕಿಟ್ ಬೇಕಿಲ್ಲ, ಹಳೆಯ ನೋಟ್‌ಬುಕ್ಕಿನ ಹಾಳೆ ಸಾಕು. ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ಕೆಳತುಟಿಗೆ ಒತ್ತಿ ಹಿಡಿದು, ಅದರ ಮೇಲ್ಗಡೆ ಊದಲು ಹೇಳಿ. ಜೋತುಬಿದ್ದ ಪಟ್ಟಿ ಮೇಲೇಳುತ್ತದೆ! ಬಾಗಿದ ಮೈಗಂಟಿ ಹರಿಯುವ ಗಾಳಿ ಕೆಳಕ್ಕೆ ತಿರುಗುತ್ತದೆ, ಕಾಗದ ಮೇಲಕ್ಕೇರುತ್ತದೆ.

ಆಮೇಲೆ ವಿಮಾನ ಮಡಿಸಿ, ಫ್ಯಾನ್ ಆರಿಸಿ ಹಾರಿಸಿ. ರೆಕ್ಕೆಯ ಹಿಂದಿನ ಅಂಚನ್ನು ತುಸುವೇ ಮೇಲಕ್ಕೆ ಬಾಗಿಸಿದರೆ ಮೂತಿ ಏಳುತ್ತದೆ. ಹೆಚ್ಚು ಬಾಗಿಸಿದರೆ ವೇಗ ಕಳೆದುಕೊಂಡು ದೊಪ್ಪನೆ ಬೀಳುತ್ತದೆ. ಆಗ ಮೂತಿಗೊಂದು ಪೇಪರ್ ಕ್ಲಿಪ್ ಸಿಕ್ಕಿಸಿ. ತೂಕದ ಕೇಂದ್ರ ಮುಂದೆ ಸರಿದು ಹಾರಾಟ ಹದಕ್ಕೆ ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ, ದೂರ ಅಳೆದು ಬರೆಯಿಸಿ. ಉತ್ತರವನ್ನು ದಯವಿಟ್ಟು ಮೊದಲೇ ಹೇಳಬೇಡಿ.

1903ರಲ್ಲಿ ರೈಟ್ ಸಹೋದರರ ಮೊದಲ ಹಾರಾಟ 12 ಸೆಕೆಂಡು, ಸುಮಾರು 36 ಮೀಟರ್. ಅಷ್ಟು ದೂರವನ್ನು ಬೀದಿಯಲ್ಲಿ ಮಕ್ಕಳೊಂದಿಗೆ ನಡೆದು ತೋರಿಸಿ.