ಗಂಗಾವತಿಯ ಭತ್ತದ ಲೆಕ್ಕಕ್ಕೆ ನಾನು ಟೇಬಲ್ ಹಾಕುವ ರೀತಿ

ಗಂಗಾವತಿ, ಕಾರಟಗಿ ಕಡೆ ಭತ್ತ ಕೊಳ್ಳುವ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳು ಇವು. ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಒಳಗೆ ಗುಮಾಸ್ತರು ಒಂದೇ ಎಕ್ಸೆಲ್ ಶೀಟಿನಲ್ಲಿ ಎಲ್ಲವನ್ನೂ ತುಂಬುತ್ತಿರುತ್ತಾರೆ. ರೈತನ ಹೆಸರು, ಊರು, ಫೋನ್, ಲಾರಿ ನಂಬರ್, ತಳಿ, ಚೀಲ, ದರ, ಕೊಟ್ಟ ದುಡ್ಡು, ಬಾಕಿ, ಎಲ್ಲ ಒಂದೇ ಸಾಲಿನಲ್ಲಿ. ರೈತ ಫೋನ್ ನಂಬರ್ ಬದಲಿಸಿದರೆ ಹಳೆಯ ಸಾಲುಗಳಲ್ಲಿ ಹಳೆಯ ನಂಬರ್, ಹೊಸ ಸಾಲಿನಲ್ಲಿ ಹೊಸದು. ಯಾವುದು ಸರಿ ಅಂತ ಶೀಟಿಗೆ ಗೊತ್ತಿರುವುದಿಲ್ಲ.

ಈ ಲೆಕ್ಕ ಇಡುವ ಡೇಟಾಬೇಸಿನ ಡಿಸೈನ್ ಶುರು ಮಾಡುವಾಗ ನಾನು ಕಂಪ್ಯೂಟರ್ ತೆಗೆಯುವುದಿಲ್ಲ. ಗುಮಾಸ್ತರ ಪಕ್ಕ ಕೂತು ಅವರ ಮಾತು ಬರೆದುಕೊಳ್ಳುತ್ತೇನೆ. "ಈ ಲೋಡಿನಾಗ ಹುಲುಗಪ್ಪಂದು ಅರವತ್ತು ಚೀಲ, ಅವನ ತಮ್ಮಂದು ನಲವತ್ತು." "ಸೋನಾ ಇವತ್ತು ಇಷ್ಟಕ್ಕ ಮಾತಾತು." "ಹಮಾಲಿ ಕಳದು ಉಳದದ್ದು ಅಕೌಂಟಿಗೆ ಹಾಕ್ರಿ." ನನ್ನ ಟೇಬಲ್‌ಗಳು ಹುಟ್ಟುವುದು ಈ ಮಾತುಗಳಿಂದ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ, ಡೇಟಾವನ್ನು ಟೇಬಲ್‌ಗಳಾಗಿ ಇಡುವ ರಿಲೇಷನಲ್ ಮಾಡೆಲ್ ಮುಂದಿಟ್ಟರು. ಅದರ ತಳದಲ್ಲಿರುವುದು ಗಣಿತ ಮತ್ತು ತರ್ಕ. ಅದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಟೇಬಲ್ ಅಂದರೆ ಖಾಲಿ ಜಾಗ ಬಿಟ್ಟ ಒಂದು ವಾಕ್ಯ. "ಇಂಥ ಲೋಡಿನಲ್ಲಿ ಇಂಥ ರೈತನ ಇಂಥ ತಳಿಯ ಇಷ್ಟು ಚೀಲ ಬಂದವು." ಖಾಲಿ ಜಾಗ ತುಂಬಿದರೆ ಒಂದು ಸಾಲು, ಅಂದರೆ ಒಂದು ನಿಜವಾದ ಹೇಳಿಕೆ. ಸಾಲನ್ನು ಗಟ್ಟಿಯಾಗಿ ಓದಿದಾಗ ಎರಡು ಬೇರೆ ಬೇರೆ ಸಂಗತಿ ಕೇಳಿಸಿದರೆ ಅಲ್ಲಿ ಎರಡು ಟೇಬಲ್ ಬೇಕು.

ಮೊದಲು ಬರುವ ಪ್ರಶ್ನೆ ಗುರುತಿನದು. ಹುಲಿಗೆಮ್ಮನ ಗುಡಿ ಹತ್ತಿರವಿರುವ ಈ ಸೀಮೆಯಲ್ಲಿ ಹುಲುಗಪ್ಪ, ಹುಲಿಗೆಮ್ಮ ಅನ್ನುವ ಹೆಸರು ಊರೂರಿಗೂ ಇವೆ. ತಂದೆಯ ಹೆಸರು ಸೇರಿಸಿದರೂ ಒಂದೇ ಊರಲ್ಲಿ ಇಬ್ಬರು ಸಿಗುತ್ತಾರೆ. ಫೋನ್ ನಂಬರ್ ಬದಲಾಗುತ್ತದೆ. ಬ್ಯಾಂಕ್ ಖಾತೆ ಕೂಡ ಆಗುವುದಿಲ್ಲ, ಅಪ್ಪ ಮಗ ಇಬ್ಬರೂ ಒಂದೇ ಖಾತೆ ಕೊಡುವುದುಂಟು. ಅದಕ್ಕೇ ರೈತನಿಗೆ ಅಂಗಡಿಯದೇ ಒಂದು ನಂಬರ್ ಕೊಟ್ಟು ಅದನ್ನೇ ಪ್ರೈಮರಿ ಕೀ (ಒಂದು ಸಾಲನ್ನು ಇನ್ನೊಂದರಿಂದ ಬೇರೆ ಮಾಡುವ ಗುರುತು) ಮಾಡುತ್ತೇನೆ. ಅದನ್ನು ಚೀಟಿ ಮೇಲೂ ಪ್ರಿಂಟ್ ಮಾಡಿಸುತ್ತೇನೆ, ರೈತನ ಬಾಯಲ್ಲೂ ಆ ನಂಬರ್ ಬರಲಿ ಅಂತ. ಇನ್ನೊಂದು ಮಾತು. ಖಾತೆ ನಂಬರನ್ನು ಅಂಕಿಯಾಗಿ ಇಡಬಾರದು, ಅಕ್ಷರವಾಗಿ ಇಡಬೇಕು. ಕೆಲವು ಖಾತೆ ನಂಬರ್‌ಗಳು ಸೊನ್ನೆಯಿಂದ ಶುರುವಾಗುತ್ತವೆ. ಅಂಕಿಯಾಗಿ ಇಟ್ಟರೆ ಆ ಸೊನ್ನೆ ಹೋಗಿಬಿಡುತ್ತದೆ. ಕೂಡಿ ಕಳೆಯುವ ಅಗತ್ಯವೇ ಇಲ್ಲದ ನಂಬರ್ ಅಂಕಿ ಅಲ್ಲ, ಅಲ್ವಾ?

ಲಾರಿ ಮತ್ತು ರೈತನ ಸಂಬಂಧಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಒಂದು ಲೋಡಿನಲ್ಲಿ ಮೂವರು ರೈತರ ಚೀಲ ಇರಬಹುದು. ಒಬ್ಬ ರೈತನ ಭತ್ತ ಎರಡು ಲೋಡಿನಲ್ಲಿ ಹೋಗಬಹುದು. ಲೋಡ್ ಟೇಬಲ್‌ನಲ್ಲಿ "ರೈತ 1, ರೈತ 2, ರೈತ 3" ಅಂತ ಕಾಲಂ ಮಾಡಿದರೆ ನಾಲ್ಕನೆಯವನು ಬಂದ ದಿನ ಕೆಲಸ ನಿಲ್ಲುತ್ತದೆ. ಆದ್ದರಿಂದ ನಡುವೆ ಮೂರನೆಯ ಟೇಬಲ್, ಹೆಸರು "ಲಾಟ್". ಲೋಡ್ ನಂಬರ್, ರೈತನ ನಂಬರ್, ತಳಿ ಈ ಮೂರೂ ಸೇರಿ ಅದರ ಕೀ. ಚೀಲ ಮತ್ತು ತೇವಾಂಶ ಇರುವುದು ಇಲ್ಲಿ. ಅವು ಲಾರಿಗೂ ಸೇರಿದ್ದಲ್ಲ, ರೈತನಿಗೂ ಸೇರಿದ್ದಲ್ಲ. ಈ ರೈತ ಈ ಲೋಡಿಗೆ ಹಾಕಿದ ಈ ತಳಿಗೆ ಸೇರಿದ್ದು. ವೇಬ್ರಿಡ್ಜ್‌ನ ತುಂಬಿದ ತೂಕ, ಖಾಲಿ ತೂಕ ಎರಡೂ ಲೋಡಿಗೆ ಸೇರಿದ್ದು. ನಿವ್ವಳ ತೂಕವನ್ನು ನಾನು ಇಡುವುದೇ ಇಲ್ಲ. ಎರಡರ ವ್ಯತ್ಯಾಸ ತೆಗೆದರೆ ಬರುತ್ತದೆ.

ಈಗ ನಾರ್ಮಲೈಸೇಷನ್, ಅಂದರೆ ಒಂದು ಸಂಗತಿ ಒಂದೇ ಕಡೆ ಇರುವಂತೆ ಟೇಬಲ್‌ಗಳನ್ನು ಬಿಡಿಸುವುದು. ಅದರ ಹಂತಗಳಿಗೆ ನಾರ್ಮಲ್ ಫಾರ್ಮ್ ಅನ್ನುತ್ತಾರೆ. ಪಠ್ಯಗಳಲ್ಲಿ ಇದು ಭಯ ಹುಟ್ಟಿಸುತ್ತದೆ. ನಾನು ಪ್ರತಿ ಕಾಲಂ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ತಿಳಿಯಲು ಏನು ಗೊತ್ತಿದ್ದರೆ ಸಾಕು? ಲಾಟ್ ಟೇಬಲ್‌ನಲ್ಲಿ ಫೋನ್ ಇದೆ ಅನ್ನಿ. ಅದಕ್ಕೆ ರೈತನ ನಂಬರ್ ಗೊತ್ತಿದ್ದರೆ ಸಾಕು, ಲೋಡ್ ನಂಬರ್ ಬೇಡ. ಕೀಯ ಒಂದು ತುಂಡಿಗೆ ಮಾತ್ರ ಅಂಟಿಕೊಂಡಿದೆ, ಆದ್ದರಿಂದ ರೈತನ ಟೇಬಲ್‌ಗೆ ಹೋಗಬೇಕು. ಇದು ಎರಡನೇ ನಾರ್ಮಲ್ ಫಾರ್ಮ್. ಲೋಡ್ ಟೇಬಲ್‌ನಲ್ಲಿ ಲಾರಿ ಮಾಲೀಕನ ಹೆಸರಿದೆ ಅನ್ನಿ. ಲೋಡ್ ಗೊತ್ತಾದರೆ ಲಾರಿ ಗೊತ್ತು, ಲಾರಿ ಗೊತ್ತಾದರೆ ಮಾಲೀಕ ಗೊತ್ತು. ನಡುವೆ ಲಾರಿ ನಿಂತಿದೆ, ಆದ್ದರಿಂದ ಲಾರಿಗೆ ಬೇರೆ ಟೇಬಲ್. ಇದು ಮೂರನೆಯದು. ನಮ್ಮ ಅಂಗಡಿ ಲೆಕ್ಕಗಳಿಗೆ ಇಷ್ಟು ಸಾಕು.

ಆದರೆ ದರದ ವಿಷಯದಲ್ಲಿ ಹೊಸಬರು ಇದೇ ನಿಯಮ ಹಿಡಿದು ದಾರಿ ತಪ್ಪುತ್ತಾರೆ. ದರ ತಳಿಗೆ ಸೇರಿದ್ದು, ತಳಿಯ ಟೇಬಲ್‌ನಲ್ಲೇ ಇರಲಿ ಅನ್ನುತ್ತಾರೆ. ಹಾಗೆ ಮಾಡಿದರೆ ನಾಳೆ ದರ ಬದಲಿಸಿದ ಕೂಡಲೇ ನಿನ್ನೆಯ ಬಿಲ್ಲೂ ಬದಲಾಗುತ್ತದೆ. ಇವತ್ತಿನ ಮಾರುಕಟ್ಟೆ ದರ ಒಂದು ಸಂಗತಿ. ಈ ರೈತನ ಜೊತೆ ಈ ಲಾಟಿಗೆ ಮಾತಾದ ದರ ಇನ್ನೊಂದು. ಎರಡೂ ಅಂಕಿ ಒಂದೇ ಇದ್ದರೂ ಅವು ಎರಡು ವಾಕ್ಯ. ಮಾತಾದ ದರ ಲಾಟಿನ ಸಾಲಿನಲ್ಲೇ ಇರಬೇಕು.

ಅದರಲ್ಲೂ ನಮ್ಮ ಕಡೆ ಭತ್ತದ ದರ ಮಾತಾಡುವುದು 75 ಕೆಜಿ ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಇರುವುದು ಕ್ವಿಂಟಲ್‌ಗೆ. ಚೀಲಕ್ಕೆ 1,800 ರೂಪಾಯಿ ಅಂದರೆ ಕ್ವಿಂಟಲ್‌ಗೆ ಸರಿಯಾಗಿ 2,400. ಆದರೆ 1,850 ಅಂದರೆ 2,466.66 ಆಗಿ ಮುಗಿಯದೆ ಹೋಗುತ್ತದೆ. ಇಂಥ ದರವನ್ನು ಕೆಜಿ ದರಕ್ಕೆ ಬದಲಿಸಿ ಇಟ್ಟರೆ ಲಾಟಿನ ಲೆಕ್ಕದಲ್ಲಿ ಪೈಸೆಯ ವ್ಯತ್ಯಾಸ ಬರಬಹುದು. ಅದಕ್ಕೇ ನಾನು ಎರಡು ಕಾಲಂ ಇಡುತ್ತೇನೆ: ಮಾತಾದ ದರ, ಅದು ಎಷ್ಟು ಕೆಜಿಗೆ ಅನ್ನುವುದು. ದುಡ್ಡನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡುತ್ತೇನೆ. ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ರೀತಿ) ದುಡ್ಡು ಇಡಬೇಡಿ. ಅದರಲ್ಲಿ 0.1ಕ್ಕೆ 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ.

ಬಾಕಿ ಅನ್ನುವ ಕಾಲಂ ನನ್ನ ಡೇಟಾಬೇಸ್‌ನಲ್ಲಿ ಇಲ್ಲ. ಲಾಟು, ಮುಂಗಡ, ಹಮಾಲಿ, ಕೊಟ್ಟ ದುಡ್ಡು ಎಲ್ಲ ಸಾಲುಗಳಿವೆ. ಬಾಕಿ ಅವುಗಳಿಂದ ಹುಟ್ಟುತ್ತದೆ. ರೈತ ಬಂದು "ಇಷ್ಟೇ ಯಾಕ?" ಅಂದಾಗ ಸಾಲು ಸಾಲಾಗಿ ತೋರಿಸಲು ಬರಬೇಕು. ವರ್ಷವಿಡೀ ದುಡಿದವನು ಕೇಳುವ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡಲಾಗದ ಡಿಸೈನ್ ನನಗೆ ಬೇಡ.

ತಳಿಯ ಹೆಸರನ್ನು ಟೈಪ್ ಮಾಡಲು ಬಿಡುವುದಿಲ್ಲ. ಪಟ್ಟಿಯಿಂದ ಆರಿಸಬೇಕು. ಸೋನ, ಸೋನಾ, ಸೋನಾ ಮಸೂರಿ ಅಂತ ಒಂದೇ ತಳಿಗೆ ಮೂರು ಹೆಸರು ಬರುತ್ತವೆ, ಅದು ಕಣ್ಣಿಗೆ ಕಾಣುತ್ತದೆ. ಆರ್‌ಎನ್‌ಆರ್ ಅನ್ನುವ ಇನ್ನೊಂದು ತಳಿಯ ಹೆಸರಿನಲ್ಲಾಗುವ ವ್ಯತ್ಯಾಸ ಕಾಣುವುದೇ ಇಲ್ಲ. ಕನ್ನಡ ಯೂನಿಕೋಡ್‌ನಲ್ಲಿ ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರದ ನಂತರ ಕಾಣದ ಒಂದು ಗುರುತು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಪರದೆ ಮೇಲೆ ಎರಡೂ ಒಂದೇ. ಡೇಟಾಬೇಸ್‌ಗೆ ಮಾತ್ರ ಬೇರೆ ಬೇರೆ, ಯೂನಿಕ್ (ಒಂದೇ ಹೆಸರು ಎರಡು ಸಲ ಬರಬಾರದು) ಅಂತ ನಿಯಮ ಹಾಕಿದ್ದರೂ ಎರಡನ್ನೂ ಒಳಗೆ ಬಿಡುತ್ತದೆ. ತಳಿಗೆ ಬೇರೆ ಟೇಬಲ್, ಲಾಟಿನಲ್ಲಿ ಅದರ ನಂಬರ್ ಮಾತ್ರ, ನಡುವೆ ಫಾರಿನ್ ಕೀ, ಅಂದರೆ ತಳಿಯ ಟೇಬಲ್‌ನಲ್ಲಿ ಇಲ್ಲದ ನಂಬರನ್ನು ಲಾಟಿಗೆ ಬಿಡದ ಕೊಂಡಿ. ಆಗ ಈ ತೊಂದರೆ ಹುಟ್ಟುವುದಿಲ್ಲ. ಸಣ್ಣ ಅಂಗಡಿಗೆ ನಾನು ಎಸ್‌ಕ್ಯೂಎಲೈಟ್ ಅನ್ನುವ ಚಿಕ್ಕ ಡೇಟಾಬೇಸ್ ಬಳಸುತ್ತೇನೆ. ಅದರಲ್ಲಿ ಫಾರಿನ್ ಕೀ ಬರೆದರೂ ಸಾಮಾನ್ಯವಾಗಿ ಸುಮ್ನೆ ಕೂತಿರುತ್ತದೆ. ಪ್ರತಿ ಕನೆಕ್ಷನ್‌ನಲ್ಲೂ (ಪ್ರೋಗ್ರಾಂ ಡೇಟಾಬೇಸನ್ನು ತೆರೆಯುವ ಪ್ರತಿ ಸಲವೂ) ಅದನ್ನು ಆನ್ ಮಾಡಬೇಕು. ಬೇರೆಯವರು ಬರೆದ ಡೇಟಾಬೇಸ್ ಕೈಗೆ ಬಂದರೆ ನಾನು ಮೊದಲು ನೋಡುವುದು ಇದನ್ನೇ.

ಈಗ ಒಂದು ಅಂಗಡಿಗೆ ರೈತ ಅನ್ನುವ ಟೇಬಲ್ಲನ್ನೇ ಬಿಡಿಸುತ್ತಿದ್ದೇನೆ. ಗದ್ದೆ ಒಬ್ಬರದು, ಲೀಜಿಗೆ ಮಾಡುವವರು ಇನ್ನೊಬ್ಬರು, ದುಡ್ಡು ಹೋಗುವುದು ಕೆಲವೊಮ್ಮೆ ಮೂರನೆಯವರ ಖಾತೆಗೆ. ಗುಮಾಸ್ತರು ಮೂವರನ್ನೂ "ಪಾರ್ಟಿ" ಅನ್ನುತ್ತಾರೆ. ಹಾಗಾಗಿ ವ್ಯಕ್ತಿಗೆ ಒಂದು ಟೇಬಲ್ ಇಟ್ಟು, ಲಾಟಿನಲ್ಲಿ ಭತ್ತ ತಂದವರು ಯಾರು, ದುಡ್ಡು ಪಡೆಯುವವರು ಯಾರು ಅಂತ ಎರಡು ಫಾರಿನ್ ಕೀ ಹಾಕಿದ್ದೇನೆ. ಎರಡೂ ಅದೇ ವ್ಯಕ್ತಿಯ ಟೇಬಲ್‌ಗೆ ಹೋಗುತ್ತವೆ. ಗದ್ದೆಯ ಮಾಲೀಕರನ್ನು ಇಡಬೇಕಾ ಅಂತ ಅಂಗಡಿಯವರನ್ನು ಕೇಳಿದೆ. ಅವರ ಯಾವ ಮಾತಿನಲ್ಲೂ ಆ ಹೆಸರು ಬರುವುದಿಲ್ಲ ಅಂತ ಗೊತ್ತಾಯಿತು. ಆ ಕಾಲಂ ಬಿಟ್ಟಿದ್ದೇನೆ.