ಕಡಲ ಗಾಳಿಯಲ್ಲಿ ಸ್ಮೋಕರ್ ಹತೋಟಿಗೆ ಬಂದಿದ್ದು

ಕಾರವಾರದ ನಮ್ಮ ಹಿತ್ತಲಿನಲ್ಲಿ ಇದ್ದಿಲಿನ ಸ್ಮೋಕರ್, ಅಂದರೆ ಹೊಗೆಯಲ್ಲಿ ಮಾಂಸ ಬೇಯಿಸುವ ಮುಚ್ಚಿದ ಒಲೆ, ಒಮ್ಮೆ 160 ಡಿಗ್ರಿಗೆ ಹಾರುತ್ತಿತ್ತು, ಮತ್ತೊಮ್ಮೆ 80ಕ್ಕೆ ಇಳಿಯುತ್ತಿತ್ತು. ಕೋಳಿಗೆ ಬೇಕಿದ್ದದ್ದು 110ರಿಂದ 120 ಡಿಗ್ರಿ ಸೆಲ್ಸಿಯಸ್.

ಮಧ್ಯಾಹ್ನದ ಮೇಲೆ ಕಡಲ ಗಾಳಿ ನೇರ ಕೆಳಗಿನ ಕಿಂಡಿಗೆ ನುಗ್ಗುತ್ತಿತ್ತು. ಅಷ್ಟು ಗಾಳಿ ಸಿಕ್ಕರೆ ಕೆಂಡ ಸುಮ್ನೆ ಇರುತ್ತಾ? ಕಿಂಡಿಯನ್ನು ಗಾಳಿಗೆ ಬೆನ್ನು ಮಾಡಿ ತಿರುಗಿಸಿದೆ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಇನ್ನರ್ಧ ಇದ್ದಿಲಿನದು. ಎಲ್ಲವನ್ನೂ ಒಟ್ಟಿಗೆ ಹೊತ್ತಿಸುವುದು ಬೇಡ. ಹಸಿ ಇದ್ದಿಲು, ಅಂದರೆ ಹೊತ್ತಿಸದ್ದು, ತುಂಬಿ ಮೇಲೆ ಏಳೆಂಟು ಕೆಂಡ ಇಡಿ. ಬೆಂಕಿ ನಿಧಾನಕ್ಕೆ ಕೆಳಗೆ ಹಬ್ಬುತ್ತದೆ. ಮೇಲಿನ ಕಿಂಡಿ ಪೂರ್ತಿ ತೆರೆದೇ ಇರಲಿ, ಇಲ್ಲದಿದ್ದರೆ ಹೊಗೆ ಒಳಗೇ ಸಿಕ್ಕಿ ಮಾಂಸ ಕಹಿಯಾಗುತ್ತದೆ. ಕೆಳಗಿನದನ್ನು ಮಾತ್ರ ತುಸು ಸರಿಸಿ, ಕಾಲು ಗಂಟೆ ಕಾಯಿರಿ. ಕೈ ಕಟ್ಟಿ ಕೂರುವುದೇ ಕಷ್ಟ ಅಲ್ವಾ! 100 ಮುಟ್ಟುವಾಗಲೇ ಕಿಂಡಿ ಕಿರಿದು ಮಾಡಿ. ಏರಿದ ಬಿಸಿಯನ್ನು ಇಳಿಸಲು ಬಹಳ ಹೊತ್ತು ಬೇಕು.

ಒಳಗೆ ಒಂದು ತಟ್ಟೆ ನೀರಿಟ್ಟರೆ ಏರಿಳಿತ ಕಡಿಮೆ. ಮುಚ್ಚಳದ ಥರ್ಮಾಮೀಟರ್ ನನಗೆ ನಂಬಿಕೆಯಿಲ್ಲ. ಜಾಲರಿಯ ಮಟ್ಟದಲ್ಲಿ ಇನ್ನೊಂದು ಇಟ್ಟಿದ್ದೇನೆ. ಕೋಳಿಯ ಒಳಭಾಗ 74 ಡಿಗ್ರಿ ಆದ ಮೇಲೆಯೇ ತೆಗೆಯುವುದು. ಬಂಗುಡೆಗೂ ಇದೇ ಕ್ರಮ, ಆದರೆ ಅದು ಬೇಗ ಬೇಯುತ್ತದೆ.